ಕೆಂಪೆಲ್ಲ ತೆಗೆದು

ಹಳೆಯ ಬನಿಯನ್ನಿನ ಚೂರನ್ನು ಥಿನ್ನರ್‌ನಲ್ಲಿ ಅದ್ದಿ ಹಿಂಡಿ, ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಒರೆಸುತ್ತಿದ್ದೆ. ಗಾಜಿನ ಅಂಚಿನಲ್ಲಿ ಒಂದು ಕೆಂಪು ಬೊಟ್ಟು, ಬೆನ್ನಿನ ತಗಡಿನ ಮೇಲೆ ಒಂದು ಕೆಂಪು ಅಡ್ಡಗೆರೆ. ಬಣ್ಣ ಒಣಗಿ ಕಲ್ಲಾಗಿತ್ತು. ಬಟ್ಟೆಯನ್ನು ಅದರ ಮೇಲೆ ಒತ್ತಿ ಹಿಡಿದು ಮನಸ್ಸಿನಲ್ಲೇ ನೂರು ಎಣಿಸಬೇಕು, ಆಮೇಲೆ ಒಂದೇ ದಿಕ್ಕಿಗೆ ಎಳೆಯಬೇಕು. ಆತುರಪಟ್ಟು ಹಿಂದೆ ಮುಂದೆ ಉಜ್ಜಿದರೆ ಕೆಳಗಿನ ನಂಬರು ಕೂಡ ಮಾಸಿಹೋಗುತ್ತದೆ. ಅಂಚಿನ ಸಂದಿಗೆ ಬೆಂಕಿಕಡ್ಡಿಗೆ ಸುತ್ತಿದ ಹತ್ತಿ. ಕೊನೆಗೆ ಗಾಜಿಗೆ ಬಾಯಿಂದ ಹಬೆ ಊದಿ, ಒಣಬಟ್ಟೆಯಲ್ಲಿ ಒಂದು ಸುತ್ತು.

ಅಪ್ಪ ಮೀಟರುಗಳನ್ನು ಕೂರಿಸುವ ಪ್ಯಾನಲ್ಲಿನ ಕೆಳಗೆ ಅಂಗಾತ ಮಲಗಿದ್ದ. ಅವನ ಮೊಣಕಾಲು ಮತ್ತು ಒಂದು ಚಪ್ಪಲಿ ಮಾತ್ರ ಹೊರಗೆ ಕಾಣುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಕಪ್ಪು ಮುಖ, ಬಿಳಿ ಅಂಕಿ, ಮೂರು ಮುಳ್ಳು. ಅಂಗಡಿಯಲ್ಲಿ ಗಾಜಿನೊಳಗೆ ಇಟ್ಟ ಹೊಸ ಗಡಿಯಾರದ ಹಾಗೆ. ಅದನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ನೋಡಿದೆ.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವಿಮಾನದ ಮೂತಿ ಇದೆ. ಪೈಲಟ್ ಕೂರುವ ಭಾಗ ಮಾತ್ರ. ರೆಕ್ಕೆ, ಬಾಲ, ಚಕ್ರ ಯಾವುದೂ ಇಲ್ಲ. ಅಪ್ಪ ಮೂವತ್ತೊಂದು ವರ್ಷ ವಿಮಾನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಮೆಕ್ಯಾನಿಕ್ ಆಗಿದ್ದ. ನಿವೃತ್ತಿಯಾದ ತಿಂಗಳಿಗೇ, "ಇಷ್ಟು ವರ್ಷ ಅದರ ಹೊಟ್ಟೆ ಕೆಳಗೆ ಮಲಗಿದ್ದಾಯ್ತು, ಇನ್ನು ಒಳಗೆ ಕೂತ್ಕೋತೀನಿ," ಅಂದ. ಊರಾಚೆ ಹಳೆಯ ವಿಮಾನಗಳನ್ನು ಕತ್ತರಿಸುವ ಗುಜರಿ ಅಂಗಳ ಇದೆ. ಮೂತಿ ಅಲ್ಲಿಂದ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಗ್ಯಾಸ್ ಕಟ್ಟರಿನಲ್ಲಿ ಎರಡು ಹೋಳು ಮಾಡಿಸಿ, ಗೋಡೆ ಒಡೆದು ಒಳಗೆ ತಂದು, ಮತ್ತೆ ರಿವೆಟ್ ಹೊಡೆದು ಸೇರಿಸಿದೆವು. ಹೊರಗಿನಿಂದ ಹೊಡೆಯುವವನು ಅಪ್ಪ, ಒಳಗಿನಿಂದ ಕಬ್ಬಿಣದ ದಿಮ್ಮಿ ಒತ್ತಿ ಹಿಡಿಯುವವಳು ನಾನು. ಈಗ ಅದರ ಕಿಟಕಿಗಳ ಆಚೆ ಮೂರು ಟೀವಿ ಇವೆ. ಸ್ಟಿಕ್ ಎಳೆದರೆ ಟೀವಿಯಲ್ಲಿ ನೆಲ ಕೆಳಗೆ ಜಾರುತ್ತದೆ. ಕೂತವರ ಹೊಟ್ಟೆಯೂ ಜಾರುತ್ತದೆ, ಮೂತಿ ಮಾತ್ರ ಇದ್ದಲ್ಲೇ ಇರುತ್ತದೆ.

ಅಮ್ಮ ಹೋದಾಗ ನಾನು ಎಂಟನೇ ತರಗತಿಯಲ್ಲಿದ್ದೆ. ಮನೆಗೆ ಒಬ್ಬರು ಬೇಕಿತ್ತು, ಉಳಿದುಕೊಂಡೆ. ಶಾಲೆ ಬಿಟ್ಟದ್ದಕ್ಕೆ ಅಳಲಿಲ್ಲ. ಅಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು, ಅದು ತಪ್ಪಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಇವತ್ತಿಗೂ ಕೇಳುವುದಕ್ಕಿಂತ ಊಹಿಸುವುದೇ ನನಗೆ ಸುಲಭ. ಅತ್ತಿಗೆ ನನಗೆ ಗೋಡೆ ಎಂದು ಹೆಸರಿಟ್ಟಿದ್ದಾಳೆ. "ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಇವಳು ಬರೀ ಕಿವಿ ಇರೋ ಗೋಡೆ," ಅನ್ನುತ್ತಾಳೆ. ಕೆಟ್ಟ ಮನಸ್ಸಿನಿಂದ ಅಲ್ಲ. ಏಳು ತಿಂಗಳ ಬಸುರಿ, ಹಗಲೆಲ್ಲ ಮನೆಯಲ್ಲಿ ಅವಳ ಜೊತೆಗಿರುವವಳು ನಾನೊಬ್ಬಳೇ, ನಾನೋ ಮಾತಾಡುವುದಿಲ್ಲ.

ಮಾತೆಲ್ಲ ಊಟದ ಹೊತ್ತಿನಲ್ಲಿ. ಅಣ್ಣ ಹ್ಯಾಂಗರಿನ ಸ್ಟೋರಿನಲ್ಲಿ ಕೆಲಸಕ್ಕಿದ್ದಾನೆ. ಬಂದು ಕೈ ತೊಳೆದು ಕೂತ ಕೂಡಲೇ ಶುರು.

"ಅಪ್ಪ, ಇವತ್ತು ಎಲ್ಲೀ ತನಕ ಹೋಗಿದ್ದೆ?"

"ಸಮುದ್ರ ದಾಟಿದೆ."

"ಊಟದ ಹೊತ್ತಿಗೆ ಸರಿಯಾಗಿ ವಾಪಸ್ಸು."

"ಹೊಟ್ಟೆ ಅನ್ನೋದು ಕಂಟ್ರೋಲ್ ಟವರ್ ಇದ್ದ ಹಾಗೆ ಕಣೋ. ಕರೆದಾಗ ಇಳೀಬೇಕು."

"ನೆಲ ಬಿಡದ ವಿಮಾನಕ್ಕೆ ಬೆಲ್ಟ್ ಯಾಕೆ ಮಾವ?" ಅತ್ತಿಗೆ ಕೇಳುತ್ತಾಳೆ.

"ಬೆಲ್ಟ್ ಇರೋದು ಬೀಳದೇ ಇರೋದಕ್ಕಲ್ಲಮ್ಮ. ಮಧ್ಯದಲ್ಲಿ ಎದ್ದು ಹೋಗದೇ ಇರೋದಕ್ಕೆ."

ಗುಜರಿ ಅಂಗಳದ ಯಜಮಾನನನ್ನು ಎಲ್ಲರೂ ತಕ್ಕಡಿ ಎನ್ನುತ್ತಾರೆ. ಸಾಮಾನಿನ ಹಾಗೆ ಮಾತನ್ನೂ ತೂಗಿ ಆಡುವವನು. ಅವನಿಗೂ ಅಪ್ಪನಿಗೂ ಒಂದು ಒಪ್ಪಂದ ಇತ್ತು. ಕತ್ತರಿಸಿದ ವಿಮಾನಗಳಿಂದ ಬಿಚ್ಚಿದ ಉಪಕರಣಗಳನ್ನು ಅವನು ಪೆಟ್ಟಿಗೆಯಲ್ಲಿ ಕಳಿಸುತ್ತಾನೆ. ಅಪ್ಪ ಅವನ್ನು ನೋಡಿ, ಇನ್ನೂ ಬಾಳಿಕೆ ಇರುವುದಕ್ಕೆ ಒಂದು ಚೀಟಿ ಕಟ್ಟಿ ವಾಪಸ್ಸು ಕಳಿಸುತ್ತಾನೆ. ಅವು ರಿಪೇರಿ ಅಂಗಡಿಗೆ ಹೋಗಿ, ಪರೀಕ್ಷೆಯಾಗಿ, ಮತ್ತೆ ಯಾವುದೋ ವಿಮಾನವನ್ನು ಸೇರುತ್ತವೆ. ಎಂದಿಗೂ ಹಾರಬಾರದ್ದು ನಮ್ಮ ಮೂತಿಗೆ ಉಳಿಯುತ್ತದೆ. ಅದರ ಹೊಟ್ಟೆ ಬಿಚ್ಚಿ ಸಣ್ಣ ಮೋಟಾರ್ ಇಟ್ಟರೆ ಕಂಪ್ಯೂಟರ್ ಹೇಳಿದ ಹಾಗೆ ಮುಳ್ಳು ತಿರುಗುತ್ತದೆ. ನಮಗೆ ಅಷ್ಟು ಸಾಕು. ಯಾವುದು ಹಾರಬಹುದು, ಯಾವುದು ಹಾರಬಾರದು ಎಂದು ನೋಡಿದವರಿಗೆ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಿರಲಿಲ್ಲ.

ಚೀಟಿಗೆ ಸಹಿ ಬೇಕು. ನಿವೃತ್ತಿಯ ಜೊತೆಗೆ ಅಪ್ಪನ ಲೈಸೆನ್ಸೂ ಮುಗಿದಿತ್ತು. ಸಹಿಯ ಅಧಿಕಾರ ಇದ್ದದ್ದು ಅಣ್ಣನಿಗೆ. ಒಂದು ದಿನ ಊಟ ಮಾಡುತ್ತಲೇ ಎಡಗೈಯಲ್ಲಿ ತಟ್ಟೆ ಸರಿಸಿ, ಒಂದು ಪ್ಯಾಡಿನಷ್ಟು ಖಾಲಿ ಚೀಟಿಗಳಿಗೆ ಸಹಿ ಹಾಕಿ ಕೊಟ್ಟ.

"ನೋಡದೇ ಸಹಿ ಹಾಕ್ತೀಯಲ್ಲೋ," ಅಂದ ಅಪ್ಪ.

"ನೀನು ನೋಡಿರ್ತೀಯಲ್ಲ. ನನ್ನ ಕಣ್ಣಿಗಿಂತ ನಿನ್ನ ಕಣ್ಣಿಗೆ ಸರ್ವೀಸ್ ಜಾಸ್ತಿ."

ಅಪ್ಪನಿಗೆ ಆ ಮಾತು ಹಿಡಿಸಿತು. ಆಮೇಲೆ ಎರಡು ದಿನ ಅದನ್ನೇ ನೆನೆಸಿಕೊಂಡು ನಗುತ್ತಿದ್ದ. ಚೀಟಿಯಲ್ಲಿ ನಂಬರು ಬರೆದು ಕಟ್ಟುವ ಕೆಲಸ ನನಗೆ ಬಂತು. ನನ್ನ ಅಕ್ಷರ ದುಂಡಗೆ ಇರುತ್ತದೆ.

ಆ ಗುರುವಾರ ಬಂದ ಪೆಟ್ಟಿಗೆಯಲ್ಲಿ ಎಂಟು ಆಲ್ಟಿಮೀಟರ್ ಇದ್ದವು. ಎರಡನ್ನು ಅಪ್ಪ ಆಗಲೇ ಪ್ಯಾನಲ್ಲಿಗೆ ಕೂರಿಸುತ್ತಿದ್ದ. ಆರು ಮೇಜಿನ ಮೇಲೆ, ಅದರಲ್ಲಿ ನಾಲ್ಕಕ್ಕೆ ಕೆಂಪು ಬಣ್ಣ. ಮಧ್ಯಾಹ್ನ ತಕ್ಕಡಿಯ ವ್ಯಾನು ಬರುವುದಿತ್ತು, ಬರುವಾಗ ಪೈಲಟ್ ಸೀಟು ತರುವುದಿತ್ತು. ಎರಡು ವರ್ಷ ಅಪ್ಪ ಆ ಮೂತಿಯಲ್ಲಿ ಅಡುಗೆಮನೆಯ ಮಣೆ ಹಾಕಿಕೊಂಡು ಕೂತಿದ್ದ. ನಿಜವಾದ ಸೀಟು ಬರುತ್ತದೆ ಎಂದು ಬೆಳಿಗ್ಗೆ ಐದಕ್ಕೇ ಎದ್ದು ಗಡ್ಡ ಕೂಡ ಬೋಳಿಸಿಕೊಂಡಿದ್ದ.

ಪ್ಯಾನಲ್ಲಿನ ಕೆಳಗಿನಿಂದಲೇ, ತುಟಿಯ ನಡುವೆ ಎರಡು ಸ್ಕ್ರೂ ಕಚ್ಚಿಕೊಂಡು ಹೇಳಿದ: "ಕೆಂಪೆಲ್ಲ ತೆಗೆದು ಉಳಿದದ್ದು ಡಬ್ಬಕ್ಕೆ ಹಾಕು. ಚೀಟಿ ಕಟ್ಟು."

ಮೂತಿ ಬಂದ ಹೊಸದರಲ್ಲಿ ಅದರ ಮೈಮೇಲೆಲ್ಲ ಕೆಂಪು ಗೆರೆಗಳಿದ್ದವು, ಕಟ್ಟರ್ ಎಲ್ಲಿ ಹಾಯಬೇಕು ಎಂದು ಅಂಗಳದವರು ಎಳೆದದ್ದು. ಆವತ್ತೂ ಅಪ್ಪ ಇದೇ ಮಾತು ಹೇಳಿದ್ದ. ಕೆಂಪೆಲ್ಲ ತೆಗೆದು ಪಾಲಿಶ್ ಹಾಕು. ನಾಲ್ಕು ದಿನ ಕೂತು ತೆಗೆದಿದ್ದೆ, ಭೇಷ್ ಅಂದಿದ್ದ. ಹಾಗಾಗಿ ಈ ಸಲ ನಾನು ಅನುಮಾನ ಕೂಡ ಪಡಲಿಲ್ಲ. ಥಿನ್ನರ್ ಡಬ್ಬ ಬಿಚ್ಚಿದೆ. ನಾಲ್ಕರ ಬಣ್ಣ ತೆಗೆದೆ. ಪ್ಯಾನಲ್ಲಿಗೆ ಹೋದ ಎರಡು ಬಿಟ್ಟು ಉಳಿದದ್ದು ಆರು. ಆರಕ್ಕೂ ನಂಬರು ಬರೆದು, ಚೀಟಿ ಕಟ್ಟಿ, ಹಳೆಯ ಟವೆಲ್ಲಿನಲ್ಲಿ ಒಂದೊಂದನ್ನೇ ಸುತ್ತಿ ಡಬ್ಬಕ್ಕೆ ಹಾಕಿದೆ.

ವ್ಯಾನಿನ ಹಾರನ್ ಕೇಳಿ ಅಪ್ಪ ಎದ್ದು ಬಂದ. "ಕೆಂಪು ತೆಗ್ದ್ಯಾ?"

"ತೆಗ್ದೆ."

ಅಪ್ಪ ಡಬ್ಬ ಎತ್ತಿ ವ್ಯಾನಿನವನ ಕೈಗೆ ಕೊಟ್ಟ. ಆ ಕಡೆಯಿಂದ ಸೀಟು ಇಳಿಯಿತು. ಅದರ ಕುರಿತುಪ್ಪಳದ ಹೊದಿಕೆ ಕೂತು ಕೂತು ಸವೆದಿತ್ತು, ಯಾರದೋ ಬೆವರಿನ ವಾಸನೆ ಇತ್ತು, ಬಲಗೈ ಇಡುವಲ್ಲಿ ಚರ್ಮ ಬಿರಿದಿತ್ತು. ಅಪ್ಪ ಅಂಗಳದಲ್ಲೇ ಅದರ ಮೇಲೆ ಕೂತು ಕಣ್ಣು ಮುಚ್ಚಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಹನ್ನೊಂದು ದಿನ ಸೀಟಿನ ಕೆಲಸವೇ ಆಯಿತು. ಹಳಿ, ಬೋಲ್ಟು, ಎತ್ತರ. ಹನ್ನೆರಡನೆಯ ದಿನ ಬೆಳಿಗ್ಗೆ ಅಪ್ಪ ಬಲಗಡೆಯ ಪ್ಯಾನಲ್ಲಿಗೆ ಕೈ ಹಾಕಿದ.

"ಆ ಕೆಂಪಿನವು ಕೊಡು ಪುಟ್ಟಿ."

ನಾನು ಮೇಜಿನ ಕಡೆ ನೋಡಿದೆ.

"ನಾಲ್ಕಿತ್ತಲ್ಲ. ತೆಗ್ದೆ ಅಂದ್ಯಲ್ಲ."

"ತೆಗ್ದೆ."

"ಎಲ್ಲಿಟ್ಟೆ?"

ನಾನು ಥಿನ್ನರ್ ಡಬ್ಬವನ್ನು ತೋರಿಸಿದೆ.

ಅಪ್ಪ ಡಬ್ಬವನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಡಬ್ಬವನ್ನು ನೋಡಿದ. ಅವನಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತು ಎಂದರೆ, ಅಷ್ಟರಲ್ಲಿ ನನಗೆ ಅರ್ಥವಾಗಿಬಿಟ್ಟಿತ್ತು. ಅವನು ಮೆಲ್ಲಗೆ ಹೊಸ ಸೀಟಿನ ಮೇಲೆ ಕೂತ.

"ಡಬ್ಬಕ್ಕೆ ಹಾಕಿದ್ದೆಷ್ಟು?"

"ಆರು."

"ಚೀಟಿ?"

"ಆರಕ್ಕೂ ಕಟ್ಟಿದೆ."

"ನಂಬರು ಸರಿಯಾಗಿ ಬರ್ದ್ಯಾ?"

"ಹೂಂ."

"ನಿನ್ನ ಅಕ್ಷರ ಚೆನ್ನಾಗಿರುತ್ತೆ," ಅಂದ. ಹೊಡೆದಿದ್ದರೆ ವಾಸಿಯಿತ್ತು.

ಕೆಂಪು ಎಂದರೆ ಸತ್ತದ್ದು. ಅದನ್ನು ಅಪ್ಪ ಆವತ್ತು ಹೇಳಿದ. ಯಾವ ಊರಿನ ಹ್ಯಾಂಗರಿಗೆ ಹೋದರೂ, ಭಾಷೆ ಬಾರದವನಿಗೂ ಅದೊಂದು ಗೊತ್ತಿರುತ್ತದೆ. ಮುಖದ ಮೇಲೆ ಒಂದು ಬೊಟ್ಟು, ಬೆನ್ನ ಮೇಲೆ ಒಂದು ಗೆರೆ ಇದ್ದರೆ ಇದು ಇನ್ನು ನೆಲ ಬಿಡಬಾರದು ಎಂದು ಅರ್ಥ. "ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ," ಅಂದ. ನಾನು ಏನು ಅಂದುಕೊಂಡಿದ್ದೆ ಎಂದು ಅವನು ಕೇಳಲಿಲ್ಲ.

ಅವನು ತಕ್ಕಡಿಗೆ ಫೋನ್ ಮಾಡಿದ, ಆಮೇಲೆ ಅಂಗಿ ಕೂಡ ಬದಲಿಸದೆ ತಾನೇ ಹೋದ. ಸಂಜೆ ಬರುವಾಗ ಕೈಯಲ್ಲಿ ಬಟ್ಟೆಯ ಚೀಲ ಇತ್ತು. ಮೇಜಿನ ಮೇಲೆ ಅದನ್ನು ಬಿಚ್ಚಿದ. ಕೆಂಪು ತೆಗೆದವುಗಳಲ್ಲಿ ಮೂರು ರಿಪೇರಿ ಅಂಗಡಿಯ ಸಾಲಿನಲ್ಲಿ ಕಾಯುತ್ತಿದ್ದವು, ಸಿಕ್ಕಿದವು. ನಾಲ್ಕನೆಯದು ಅಲ್ಲಿಗೆ ಹೋಗಿಯೇ ಇರಲಿಲ್ಲ. ತಕ್ಕಡಿ ಹೇಳಿದ್ದನ್ನು ಅಪ್ಪ ಹಾಗೇ ಹೇಳಿದ: "ಅಷ್ಟು ಲಕ್ಷಣವಾಗಿತ್ತು ಯಜಮಾನ್ರೇ, ಮರುದಿನ ಬೆಳಿಗ್ಗೆ ಬಂದವರು ನಿಂತ ಹಾಗೇ ಎತ್ಕೊಂಡು ಹೋದ್ರು. ಇದಕ್ಕೇನು ರಿಪೇರಿ, ಹೊಸದರ ಹಾಗಿದೆ ಅಂದ್ರು. ಚೀಟೀನೂ ಇತ್ತಲ್ಲ."

ಒಂದರ ಒಳಗೆ ನೀರು ಹೋಗಿತ್ತು, ಒಂದರ ಗಾಜು ಸಡಿಲ, ಒಂದರ ಒಳಗಿನ ಚಕ್ರದ ಹಲ್ಲು ಮುರಿದಿತ್ತು. ಅಪ್ಪ ಮೂರನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿದ.

"ಹಾಗಾದ್ರೆ ಹೋಗಿರೋದು ಅಂಟೋದು," ಅಂದ. ಪೆಟ್ಟಿಗೆ ಬಂದ ದಿನವೇ ಯಾವುದಕ್ಕೆ ಏನು ರೋಗ ಎಂದು ಅವನು ನೋಡಿಟ್ಟಿದ್ದ.

ಮೇಲೆ ಏರುವಾಗ ಅದು ಸರಿಯಾಗಿಯೇ ಇರುತ್ತದೆ. ಇಳಿಯುವಾಗ, ಸಾವಿರದ ಇನ್ನೂರು ಅಡಿಯ ಹತ್ತಿರ, ಮುಳ್ಳು ಅಂಟಿಕೊಳ್ಳುತ್ತದೆ. ವಿಮಾನ ಇಳಿಯುತ್ತಲೇ ಇರುತ್ತದೆ. ಮುಳ್ಳು ಮಾತ್ರ ಸಾವಿರದ ಇನ್ನೂರು ಎಂದೇ ಹೇಳುತ್ತಿರುತ್ತದೆ.

ನಾನು ಬಹಳ ಹೊತ್ತು ಹಿಡಿದು ನೋಡಿದ್ದು ಅದನ್ನೇ. ಅದರ ನಂಬರಿನ ಕೊನೆಯ ಅಂಕಿಗಳು ನಾಲ್ಕು, ನಾಲ್ಕು, ಏಳು, ಒಂದು.

ಎರಡು ದಿನ ಬಿಟ್ಟು ಅಣ್ಣ ಅದು ಎಲ್ಲಿದೆ ಎಂದು ಪತ್ತೆ ಮಾಡಿಕೊಂಡು ಬಂದ. ಬಂದವನು ಕೈ ತೊಳೆಯಲಿಲ್ಲ, ಅಪ್ಪನಿಗೆ ಎಲ್ಲಿಗೆ ಹಾರಿದ್ದೆ ಎಂದು ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ.

"ಸಣ್ಣದು. ಎಂಟು ಸೀಟಿನದು. ಗುಡ್ಡದ ಊರುಗಳಿಗೆ ಟಪಾಲು ಒಯ್ಯುತ್ತೆ, ಬರ್ತಾ ರೋಗಿಗಳನ್ನ ಕರ್ಕೊಂಡು ಬರುತ್ತೆ. ಹಾಕಿ ಆರು ದಿನ ಆಯ್ತು."

"ಏನಾದ್ರೂ..." ಅಪ್ಪ ಮಾತು ಮುಗಿಸಲಿಲ್ಲ.

"ಏನೂ ಆಗಿಲ್ಲ. ದಿನಾ ಹೋಗಿ ಬರ್ತಾ ಇದೆ."

"ವಿಮಾನದ ನಂಬರು ಹೇಳು. ಫೋನ್ ಮಾಡ್ತೀನಿ."

"ಮಾಡಿ ಏನಂತೀಯ?"

"ಕೆಂಪಿನದು ಹೋಗಿದೆ ಅಂತೀನಿ. ಬಿಚ್ಚಿ ಅಂತೀನಿ."

"ಚೀಟಿ ಯಾರದು ಅಂತಾರೆ. ಸಹಿ ಯಾರದು ಅಂತಾರೆ. ಅಕ್ಷರ ಯಾಕೆ ಬೇರೆ ಇದೆ ಅಂತಾರೆ. ಖಾಲಿ ಚೀಟಿಗೆ ಸಹಿ ಹಾಕಿ ಮನೇಲಿ ಕೊಟ್ಟಿದ್ದೆ ಅಂತ ಹೇಳಲಾ?" ಅಣ್ಣ ದನಿ ಏರಿಸಲಿಲ್ಲ. "ಬರೀ ಕೆಲಸ ಹೋಗೋದಲ್ಲ ಅಪ್ಪ ಇದು."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಬೆನ್ನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ.

"ಮಾವ, ಒಂದು ಮಾತು. ಇವರು ಒಳಗೆ ಹೋದ್ರೆ ನಾನು ಯಾರ ಮುಖ ನೋಡ್ಕೊಂಡು ಹೆರಲಿ?"

"ಯಾರೂ ಒಳಗೆ ಹೋಗೋದಿಲ್ಲ," ಅಂದ ಅಣ್ಣ. "ಇನ್ನು ನಲವತ್ತು ದಿನಕ್ಕೆ ಅದು ತಪಾಸಣೆಗೆ ನಮ್ಮ ಹ್ಯಾಂಗರಿಗೇ ಬರುತ್ತೆ. ಆಗ ನಾನೇ ಬದಲಾಯಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ನಲವತ್ತು ದಿನ."

"ನಲವತ್ತು ದಿನ ಅದು ಹಾರುತ್ತಲ್ಲೋ."

"ಬಲಗಡೆ ಇನ್ನೊಂದು ಇರುತ್ತೆ. ಎರಡಕ್ಕೂ ತಾಳೆ ಬೀಳದಿದ್ರೆ ಪೈಲಟ್‌ಗೇ ಗೊತ್ತಾಗುತ್ತೆ."

"ಒಬ್ಬನೇ ಹಾರಿಸ್ತಾ ಇರೋವಾಗ ಬಲಗಡೆ ಯಾರು ನೋಡ್ತಾರೆ?"

ಅಣ್ಣ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ಒಂದು ಸಲ ಬಾಯಿ ಬಿಟ್ಟು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಪ್ಪ, ಕೆಂಪು ಅಂದ್ರೆ ಏನು ಅಂತ. ನಾಲ್ಕು ಪದ."

ಅತ್ತಿಗೆ, "ಅವಳನ್ನ ಬಿಡಿ," ಅಂದಳು.

ವಿಮಾನದ ನಂಬರು ಅಣ್ಣನ ಬಾಯಿಂದ ಬರಲಿಲ್ಲ. ಅಪ್ಪ ಎರಡನೆಯ ಸಲ ಕೇಳಲೂ ಇಲ್ಲ. ಮೂವತ್ತೊಂದು ವರ್ಷ, ಹೆಂಡತಿ ಸತ್ತ ದಿನ ಕೂಡ, ಅವನು ನೋಡದೇ ಒಂದು ಸಹಿ ಹಾಕಿದವನಲ್ಲ. ಆ ಮನುಷ್ಯ ಆವತ್ತು ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನದಿಂದ ಅಪ್ಪ ಹೊಸ ಕೆಲಸ ಶುರುಮಾಡಿದ. ವಾಪಸ್ಸು ಬಂದ ಮೂರರಲ್ಲಿ ಒಂದರ ಹೊಟ್ಟೆ ಬಿಚ್ಚಿ ಮೋಟಾರ್ ಇಟ್ಟ. ಇಳಿಯುವಾಗ ಸಾವಿರದ ಇನ್ನೂರಕ್ಕೆ ಬಂದ ಕೂಡಲೇ ಮುಳ್ಳು ನಿಲ್ಲುವ ಹಾಗೆ ಕಂಪ್ಯೂಟರಿನಲ್ಲಿ ಬರೆದ. ಎಡಗಡೆ ಪ್ಯಾನಲ್ಲಿನ ನಡುವೆ ಅದನ್ನು ಕೂರಿಸಿ, ಬಲಗಡೆಯದಕ್ಕೆ ಬಟ್ಟೆ ಮುಚ್ಚಿದ. ಗುಡ್ಡದ ನಡುವೆ ಇರುವ ಒಂದು ಸಣ್ಣ ರನ್‌ವೇ ಆರಿಸಿದ. ನನ್ನನ್ನು ಕರೆದು ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದ.

"ಎತ್ತರ ಓದ್ತಾ ಹೋಗು. ಗಟ್ಟಿಯಾಗಿ."

ಮೊದಲು ಬಿಸಿಲಿನಲ್ಲಿ. ಟೀವಿಯಲ್ಲಿ ಗುಡ್ಡ, ರಸ್ತೆ, ಮನೆಗಳ ಸೂರು ಎಲ್ಲ ಕಾಣುತ್ತಿತ್ತು. ಮುಳ್ಳು ನಿಂತ ಸ್ವಲ್ಪ ಹೊತ್ತಿಗೇ ಅಪ್ಪ, "ಸುಳ್ಳು ಹೇಳ್ತಾ ಇದೆ," ಅಂದು ಕಿಟಕಿಯ ಆಚೆ ನೋಡಿ ಇಳಿಸಿದ. ಮತ್ತೊಮ್ಮೆ ಇಳಿಸಿದ. ಮತ್ತೂ ಒಮ್ಮೆ. ಅವನ ಭುಜ ಸ್ವಲ್ಪ ಸಡಿಲಾಯಿತು. "ನೋಡಿದ್ಯಾ? ಕಣ್ಣಿದ್ದವನಿಗೆ ಗೊತ್ತಾಗುತ್ತೆ," ಅಂದ.

ಆಮೇಲೆ ಮೋಡ ಹಾಕಿದ. ಮೂರೂ ಟೀವಿ ಬೂದಿ ಬಣ್ಣಕ್ಕೆ ತಿರುಗಿದವು.

"ಎರಡು ಸಾವಿರ," ನಾನು ಓದಿದೆ. "ಸಾವಿರದ ಎಂಟುನೂರು. ಸಾವಿರದ ಐನೂರು. ಸಾವಿರದ ಇನ್ನೂರು."

"ಹೂಂ."

"ಸಾವಿರದ ಇನ್ನೂರು."

"ಇನ್ನೂ ಇದೆ. ಇಳಿಸ್ತೀನಿ."

"ಸಾವಿರದ ಇನ್ನೂರು. ಸಾವಿರದ ಇನ್ನೂರು. ಸಾವಿರದ..."

ಬೂದಿ ಹರಿದು ಒಂದು ಕ್ಷಣ ಮರದ ತುದಿಗಳು ಕಂಡವು, ತೀರಾ ಹತ್ತಿರ. ಆಮೇಲೆ ಚಿತ್ರ ನಿಂತಿತು. ದೊಡ್ಡ ಸದ್ದೇನೂ ಬರಲಿಲ್ಲ. ಸ್ಪೀಕರಿನಲ್ಲಿ ಎಂಜಿನ್ ಸದ್ದು ಕತ್ತರಿಸಿದ ಹಾಗೆ ನಿಂತಿತು, ಅಷ್ಟೇ. ಮುಳ್ಳು ಸಾವಿರದ ಇನ್ನೂರರಲ್ಲೇ ಇತ್ತು.

"ಇನ್ನೊಂದ್ಸಲ," ಅಂದ ಅಪ್ಪ.

ಆವತ್ತು ಮೋಡದಲ್ಲಿ ಹನ್ನೊಂದು ಸಲ ಇಳಿದೆವು. ಹನ್ನೊಂದೂ ಸಲ ಹಾಗೇ ಆಯಿತು. ಮುಳ್ಳು ಸುಳ್ಳು ಹೇಳುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು, ಗೊತ್ತಿದ್ದೂ ಎಷ್ಟು ಸುಳ್ಳು ಎಂದು ಗೊತ್ತಾಗುತ್ತಿರಲಿಲ್ಲ. ಕಡೆಯ ಸಲ ಅವನು ಸ್ಟಿಕ್ಕಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ನಾನು ಮೆಕ್ಯಾನಿಕ್," ಅಂದ. "ಅವರು ನಿಜವಾದ ಪೈಲಟ್‌ಗಳು. ಅವರಿಗೆ ಅಂದಾಜು ಇರುತ್ತೆ. ಆ ದಾರೀಲಿ ದಿನಾ ಓಡಾಡೋರು."

ಉತ್ತರಕ್ಕಾಗಿ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಶಾಲೆ ಬಿಟ್ಟ ಮಗಳ ಬಾಯಿಂದ ಹೌದು ಎನ್ನಿಸಿಕೊಳ್ಳಲು ಕಾಯುತ್ತಿದ್ದ. ಹೌದು ಅನ್ನಬಹುದಿತ್ತು. ಒಂದೇ ಪದ.

ಅದಾದ ಮೇಲೂ ದಿನಾ ಕೂತೆವು. ಊಟದ ಹೊತ್ತಿನ ಹಾಸ್ಯ ನಿಂತುಹೋಗಿತ್ತು. ಅಣ್ಣ ಬರುತ್ತಿದ್ದ, ಉಣ್ಣುತ್ತಿದ್ದ, ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತಿದ್ದ. ಆಗಾಗ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದ. ಅವನು ಎಣಿಸುವುದು ನನಗೆ ಕಾಣುತ್ತಿತ್ತು. ಮೊದಲೆಲ್ಲ ಮೋಡದ ದಿನ ಎಂದರೆ ನನಗೆ ಒಗೆದ ಬಟ್ಟೆ ಒಣಗುವುದಿಲ್ಲ ಎಂದಷ್ಟೇ ಅರ್ಥ. ಈಗ ಬೆಳಿಗ್ಗೆ ಎದ್ದವಳೇ ಹಿತ್ತಿಲಿಗೆ ಹೋಗಿ ಆಕಾಶ ನೋಡುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ದೂರದ ಗುಡ್ಡ ಕಾಣುತ್ತದೆ. ಕಂಡರೆ ಒಳಗೆ ಬಂದು ಒಲೆ ಹಚ್ಚುತ್ತಿದ್ದೆ.

ಒಂಬತ್ತನೆಯ ದಿನ, ಭಾನುವಾರ, ಗುಡ್ಡ ಕಾಣಲಿಲ್ಲ. ಎದುರು ಮನೆಯ ನೀರಿನ ಟ್ಯಾಂಕು ಕೂಡ ಅರ್ಧ ಮಾತ್ರ ಕಾಣುತ್ತಿತ್ತು.

ನಾನು ಹಿಂದಿನ ಕೋಣೆಗೆ ಹೋದೆ. ಅಪ್ಪನ ಹಳೆಯ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದೆ, ಹ್ಯಾಂಗರಿನ ದಿನಗಳದು. 'ಅನುಮಾನ ಬಂದರೆ ತಿಳಿಸಿ. ನಿಮ್ಮ ಹೆಸರು ಕೇಳುವುದಿಲ್ಲ.' ಕೆಳಗೆ ಫೋನ್ ನಂಬರು. ಎರಡು ವರ್ಷದಿಂದ ಅದನ್ನು ನೋಡಿದ್ದೇನೆ, ಓದಿದ್ದು ಮೊನ್ನೆ. ಅಪ್ಪನ ಫೋನು ಚಾರ್ಜಿಗೆ ಹಾಕಿತ್ತು. ತೆಗೆದುಕೊಂಡೆ.

ನನಗೆ ಫೋನಿನಲ್ಲಿ ಮಾತಾಡಿ ಅಭ್ಯಾಸವಿಲ್ಲ. ಹಾಲಿನವನಿಗೂ ಅತ್ತಿಗೆಯೇ ಮಾಡುವುದು. ಮೂರು ಸಲ ನಂಬರು ಒತ್ತಿ ಅಳಿಸಿದೆ. ನಾಲ್ಕನೆಯ ಸಲ ಬಿಟ್ಟೆ. ಎರಡೇ ರಿಂಗಿಗೆ ಒಬ್ಬ ಹೆಂಗಸು ಎತ್ತಿಕೊಂಡಳು. ಭಾನುವಾರವೂ ಯಾರಾದರೂ ಇರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ.

"ಹೇಳಿ."

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ನಿಧಾನವಾಗಿ ಹೇಳಿ. ನಾನು ಕೇಳ್ತಾ ಇದೀನಿ."

"ಒಂದು ಆಲ್ಟಿಮೀಟರ್," ಅಂದೆ. "ಕೆಂಪಿನದು. ನಾನು ಒರೆಸಿಬಿಟ್ಟೆ. ಗೊತ್ತಿರಲಿಲ್ಲ. ಈಗ ಅದು ವಿಮಾನದಲ್ಲಿದೆ. ಇಳಿಯುವಾಗ ಅಂಟುತ್ತೆ."

ಆ ಕಡೆ ಕಾಗದ ಸರಿದ ಸದ್ದಾಯಿತು. "ಅದರ ಮೇಲಿನ ನಂಬರು ಗೊತ್ತಾ?"

ಹೇಳಿದೆ. ಎಲ್ಲ ಅಂಕಿಗಳನ್ನೂ, ಕೊನೆಯ ನಾಲ್ಕು, ನಾಲ್ಕು, ಏಳು, ಒಂದರ ತನಕ. ಅವಳು ಬರೆದುಕೊಂಡು ತಿರುಗಿ ಓದಿದಳು. ಸರಿಯಿತ್ತು.

"ಇದು ಉಪಕರಣದ ನಂಬರು. ಇದರಿಂದ ಹುಡುಕೋಕೆ ವಾರಗಟ್ಟಲೆ ಆಗುತ್ತೆ. ಯಾವ ವಿಮಾನ? ಬಾಲದ ಮೇಲೆ ಬರೆದಿರುತ್ತಲ್ಲ, ಆ ನಂಬರು ಹೇಳಿ. ಅದು ಸಿಕ್ಕಿದ್ರೆ ಈಗ್ಲೇ ನಿಲ್ಲಿಸ್ತೀನಿ."

"ಇರಿ," ಅಂದೆ.

ಹಿಂದಿನ ಕೋಣೆಯಿಂದ ನಡುಮನೆಗೆ ಹನ್ನೆರಡು ಹೆಜ್ಜೆ. ಫೋನನ್ನು ಕಿವಿಯಿಂದ ತೆಗೆಯದೆ ನಡೆದೆ. ಅಪ್ಪ ಕಿಟಕಿಯ ಹತ್ತಿರ ಚಹಾ ಹಿಡಿದು ನಿಂತಿದ್ದ. ಅತ್ತಿಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅಣ್ಣ ಅವಳ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದ. ಬಸುರಿನ ಕಾಲು ಊದಿಕೊಂಡಿತ್ತು. ಅವನು ತಲೆ ಎತ್ತಿ ನನ್ನ ಕೈಯಲ್ಲಿನ ಫೋನನ್ನು ನೋಡಿದ.

"ಯಾರದು?" ಅಂದ.

"ಅವರಿಗೆ ವಿಮಾನದ ನಂಬರು ಬೇಕಂತೆ," ಅಂದೆ. "ನಿಂಗೆ ಗೊತ್ತಲ್ಲ."

ಎಣ್ಣೆಯ ಕೈ ಅತ್ತಿಗೆಯ ಪಾದದ ಮೇಲೆ ಹಾಗೇ ನಿಂತಿತು. ಅತ್ತಿಗೆ ಅವನ ಮುಖ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ. ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಅಪ್ಪ ಕಿಟಕಿಯ ಕಡೆಗೇ ತಿರುಗಿದ್ದ. ಅವನ ಲೋಟದಿಂದ ಚಹಾ ತುಳುಕಿ ಬೆರಳ ಮೇಲೆ ಹರಿಯಿತು, ಅವನು ಒರೆಸಿಕೊಳ್ಳಲಿಲ್ಲ.

"ಹಲೋ," ಫೋನಿನಲ್ಲಿ ಆ ಹೆಂಗಸು ಅಂದಳು. "ಇದೀರಾ?"

"ಇದೀನಿ," ಅಂದೆ. ಅವನ ಎದುರಿಗೆ ನೆಲದ ಮೇಲೆ ಕೂತೆ.

"ಅಣ್ಣ, ನಂಬರು ಹೇಳು."